ರಾಣಿಯ ಪೀಕದಾನಿ

ಆ ಬೆಳಗ್ಗೆ ಗಾಳಿ ಎಂಬುದೇ ಇರಲಿಲ್ಲ. ಮೋಡ ತೊಳೆಯದ ಬಾಣಲೆಯ ತಳದ ಹಾಗೆ ಕೆಳಗಿಳಿದು ಕೂತಿತ್ತು. ಬೀದಿಯ ಚರಂಡಿಯ ವಾಸನೆ ಮೇಲೇಳಲಾರದೆ ಮನೆಮನೆಯ ಹೊಸ್ತಿಲಲ್ಲಿ ಮುದುರಿಕೊಂಡಿತ್ತು. ಕೆಮ್ಮಿನವರಿಗೆ ಇಂಥ ಹವೆ ಆಗಿಬರುವುದಿಲ್ಲ. ನಾಟಕ ಕಂಪನಿಯ ನಕಲುಗಾರ ಹಾಸಿಗೆಯಿಂದ ಏಳಲು ಎರಡು ಸಲ ನೋಡಿದ. ಮೂರನೆಯ ಸಲ ಗೋಡೆ ಹಿಡಿದು ನಿಂತವನು ಹಾಗೆಯೇ ಜಾರಿ ಕೂತುಬಿಟ್ಟ. ಮಧ್ಯಾಹ್ನಕ್ಕೆ ಆಟವಿತ್ತು. ಅವನಿಲ್ಲದೆ ಪರದೆ ಏಳುವಂತಿರಲಿಲ್ಲ.

ಆಟಗಳನ್ನು ಅಚ್ಚು ಹಾಕಿಸದಿದ್ದ ಕಾಲದ ಮಾತು ಇದು. ಅಚ್ಚಾದರೆ ಎದುರು ಕಂಪನಿಯವರು ಕದ್ದು ಆಡಿಬಿಡುತ್ತಾರೆಂಬ ಅಂಜಿಕೆ. ಹೀಗಾಗಿ ಇಡೀ ಆಟಕ್ಕೆ ಒಂದೇ ಪ್ರತಿ. ಅದರಿಂದ ಒಬ್ಬೊಬ್ಬ ನಟನಿಗೂ ಅವನವನ ಮಾತನ್ನಷ್ಟೇ ಬಿಡಿಸಿ ಬರೆದುಕೊಡುವುದು ನಕಲುಗಾರನ ಕೆಲಸ. ಆಟದ ಹೊತ್ತಿಗೆ ಅವನೇ ರಂಗದ ಮುಂಭಾಗದ ಹಲಗೆ ಕೊಯ್ದು ಮಾಡಿದ ಗುಂಡಿಯಲ್ಲಿ ಕತ್ತಿನವರೆಗೆ ಇಳಿದು ಕೂತು, ಮರೆತವರಿಗೆ ಪಿಸುದನಿಯಲ್ಲಿ ಮಾತು ಎತ್ತಿಕೊಡಬೇಕು. ಜನರ ಕಡೆಗೆ ತಗಡಿನ ಮರೆ, ನಟರ ಕಡೆಗೆ ಬಯಲು.

ಅವನ ಕಣ್ಣು ಮಂಜಾಗಿ ನಾಲ್ಕು ವರ್ಷವಾಗಿತ್ತು. ಗುಂಡಿಯಲ್ಲಿ ಪುಟ ತಿರುವುತ್ತಿದ್ದದ್ದು ಬರೀ ತೋರಿಕೆಗೆ. ಮಾತೆಲ್ಲ ಅವನಿಗೆ ಬಾಯಿಪಾಠ. ಮನೆಯಲ್ಲಿ ನಕಲು ಬರೆಯುತ್ತಿದ್ದವಳು ಹತ್ತೊಂಬತ್ತರ ಮಗಳು; ಸವೆದಿದ್ದ ಮೂಲಪ್ರತಿಯನ್ನೂ ಅವಳೇ ಹೊಸದಾಗಿ ಎತ್ತಿ ಬರೆದಿದ್ದಳು. ಕೈಕಾಲು ತೊಳೆದು, ದೇವರನ್ನು ನೆನೆದು, ಆಮೇಲೆ ಲೇಖನಿ ಮುಟ್ಟುವಳು. ಮಾತಿಗೆ ಕಪ್ಪು ಶಾಯಿ, ನಟನೆಗೆ ಕೆಂಪು. ಹೆಣ್ಣಿನ ಪಾತ್ರವನ್ನು ಗಂಡಸರೇ ಕಟ್ಟುತ್ತಿದ್ದ ದಿನಗಳವು; ಹೆಣ್ಣು ರಂಗದ ಹಲಗೆ ತುಳಿಯುವುದಿರಲಿ, ಮಾನವಂತರ ಮನೆಯವಳು ಆಟ ನೋಡಲೂ ಹೋಗುವಂತಿರಲಿಲ್ಲ. ಅವಳು ಆಟ ಕಂಡದ್ದೆಲ್ಲ ತನ್ನ ಅಕ್ಷರಗಳಲ್ಲೇ. ಅದರಲ್ಲೂ ಕಡೆಯ ದೃಶ್ಯದಲ್ಲಿ ಒಂದು ಕೆಂಪು ಸಾಲು: 'ರಾಣಿ ಬಾಗಿ ಅಳುತ್ತಾಳೆ.' ಸೋತ ರಾಣಿ ಗೆದ್ದ ದೊರೆಯ ಮುಂದೆ ನೆಲಕ್ಕೆ ಬಾಗಿದಾಗ ಇಡೀ ಮಂದಿ ಉಸಿರು ಹಿಡಿಯುತ್ತದೆ ಎಂದು ಅಪ್ಪ ಎಷ್ಟೋ ಸಲ ಹೇಳಿದ್ದ. ಮನೆಯಲ್ಲಿ ಯಾರೂ ಇಲ್ಲದಾಗ ಅವಳು ಅಡುಗೆಮನೆಯ ನೀರಿನ ತೊಟ್ಟಿಯ ಮುಂದೆ ನಿಂತು ಹಾಗೆ ಬಾಗಿ ನೋಡುತ್ತಿದ್ದಳು. ಎದೆಯೊಳಗೆ ದೀಪ ಹೊತ್ತಿದ ಹಾಗಾಗುತ್ತಿತ್ತು.

ಅಪ್ಪನ ಬದಲು ತಾನು ಕೂರುವೆನೆಂದು ಅವಳು ಕಂಪನಿಯ ಯಜಮಾನರ ಬಳಿ ಹೋದಳು. ಯಜಮಾನರು ಹೊಟ್ಟೆ ಕುಣಿಸಿ ನಕ್ಕರು.

"ಹಲಗೆ ಮೇಲೆ ಹೆಣ್ಣು ಬರಬಾರದು ಅಂತಿದೆ. ಕೆಳಗೆ ಕೂರಬಾರದು ಅಂತ ಎಲ್ಲೂ ಇಲ್ಲ. ಅಪ್ಪನ ಕೋಟು ಹಾಕ್ಕೊಂಡು ಬಾ. ಆದ್ರೆ ಒಂದು ಮಾತು ತಪ್ಪಿದ್ರೂ ಆ ಜಾಗ ಟಿಕೀಟು ಹರಿಯೋನ ಬಾಮೈದನಿಗೆ ಹೋಗುತ್ತೆ. ಎರಡು ವರ್ಷದಿಂದ ಆ ಗುಂಡಿ ಮೇಲೇ ಕಣ್ಣಿಟ್ಟು ಕೂತಿದಾನೆ."

ಆ ಜಾಗ ಹೋದರೆ ಅಪ್ಪ ಉಳಿಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಇಪ್ಪತ್ತು ವರ್ಷದಿಂದ ಆ ಗುಂಡಿಯೇ ಅವನ ಗುಡಿ.

ಗುಡಿಯೊಳಗೆ ಇಳಿದ ಕೂಡಲೇ ಅವಳು ಅಪ್ಪನ ಕೋಟಿನ ತೋಳಿನಿಂದ ಮೂಗು ಮುಚ್ಚಿಕೊಂಡಳು. ಗೋಡೆಯೆಲ್ಲ ಜಿಗುಟು. ಮೂಲೆಯಲ್ಲಿ ಸತ್ತ ಇಲಿ ಒಣಗಿ ಚಪ್ಪಟೆಯಾಗಿತ್ತು. ಎಣ್ಣೆದೀಪಗಳ ಕಮಟು ಹೊಗೆ ನೇರ ಗುಂಡಿಗೇ ಇಳಿಯುತ್ತಿತ್ತು. ಪರದೆ ಎದ್ದಾಗ ಅವಳ ಕಣ್ಣಿನ ಮಟ್ಟಕ್ಕೆ ಕಂಡದ್ದು ಪಾದಗಳು: ಸೀಳಿದ ಹಿಮ್ಮಡಿ, ಕೊಳೆತ ಉಗುರು, ಮಂತ್ರಿಯ ಕಾಲ್ಬೆರಳ ಸಂದಿನ ಹುಣ್ಣು. ಒಗೆಯದ ಜರಿಬಟ್ಟೆಯಿಂದ ಹಳಸಿದ ಬೆವರಿನ ನಾತ. ದೊರೆಯ ಪಾತ್ರದವನು ಗುಡುಗಿದಾಗಲೆಲ್ಲ ಉಗುಳಿನ ಹನಿ ಅವಳ ಹಣೆಗೆ. ಕಣ್ಣಿಗೆ ರೆಪ್ಪೆ ಕೊಟ್ಟ ದೇವರು ಮೂಗಿಗೆ ಯಾಕೆ ಕೊಡಲಿಲ್ಲವೋ ಎಂದುಕೊಂಡು ಅವಳು ಪುಟ ತಿರುವಿದಳು.

ರಾಣಿಯ ಪಾತ್ರದವನನ್ನು ಪೇಟೆಯಲ್ಲೂ ಜನ ರಾಣಿ ಎಂದೇ ಕರೆಯುತ್ತಿದ್ದರು. ಅವನಿಗೆ ಒಂದು ಸಾಲೂ ನೆನಪಿರುತ್ತಿರಲಿಲ್ಲ, ನೆನಪಿಡುವ ಗೋಜಿಗೂ ಹೋದವನಲ್ಲ. ಗುಂಡಿಯಿಂದ ಬಂದ ಮಾತನ್ನು ಕಿವಿಯಿಂದ ಎತ್ತಿ ಬಾಯಿಯಿಂದ ಸುರಿಯುವನು. ನಡುವೆ ತಲೆಗೆ ಕೆಲಸವಿಲ್ಲ. ಆದರೆ ದನಿ ಮಾತ್ರ ಜೇನು. ದವಡೆಯಲ್ಲಿ ಸದಾ ಹೊಗೆಸೊಪ್ಪಿನ ಉಂಡೆ.

ಕಡೆಯ ದೃಶ್ಯ ಬಂತು. ಅವಳು ಪುಟದಿಂದ ಕಣ್ಣೆತ್ತಿದಳು. ರಾಣಿ ಮುಂದೆ ಬಂದ, ಮೊಣಕಾಲೂರಿದ, ಸೆರಗನ್ನು ಗುಂಡಿಯ ಮೇಲೆ ಹರಡಿ ಬಾಗಿದ. ಮಂದಿ ಉಸಿರು ಹಿಡಿಯಿತು. ಸೆರಗಿನ ಮರೆಯಲ್ಲಿ ಅವನು ಹಲ್ಲು ಕಚ್ಚಿ ಪಿಸುಗುಟ್ಟಿದ: "ಪೀಕದಾನಿ ಎತ್ತು ಬೇಗ."

ಕಾಲಬುಡದಲ್ಲಿದ್ದ ಹಿತ್ತಾಳೆಯ ಪಾತ್ರೆ ಏತಕ್ಕೆಂದು ಆಗ ತಿಳಿಯಿತು. ಅವಳು ಎತ್ತಿ ಹಿಡಿದಳು. ಅವನು ದವಡೆ ಖಾಲಿ ಮಾಡಿಕೊಂಡ. ಅವನ ಭುಜ ಅದುರಿತು, ಮೇಲೆ ಹೆಂಗಸರ ಹಾಗೆ ಗಂಡಸರು ಬಿಕ್ಕುವುದು ಕೇಳಿಸಿತು. ಕಂದು ರಸ ಬೆಚ್ಚಗೆ ಅವಳ ಹೆಬ್ಬೆರಳ ಮೇಲೆ ಇಳಿಯಿತು.

ರಾಣಿ ಬಾಗಿ ಅಳುತ್ತಾಳೆ. ನಾಲ್ಕು ವರ್ಷ ಕೆಂಪು ಶಾಯಿಯಲ್ಲಿ ಅವಳು ಬರೆದದ್ದು ಇದನ್ನು.

ಮನೆಗೆ ಬಂದು ಕೈಯನ್ನು ಬೂದಿ ಹಾಕಿ ಉಜ್ಜಿದಳು, ಮತ್ತೆ ಉಜ್ಜಿದಳು. ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಆಟ ಹೇಗಾಯಿತೆಂದು ಅವನು ಕೇಳಲಿಲ್ಲ. ಗೋಡೆಗೇ ಹೇಳುವವನ ಹಾಗೆ ಹೇಳಿದ: "ಎಡಗೈಲಿ ಹಿಡಿ ಮಗಳೇ. ಬಲಗೈ ಪುಟ ತಿರುವೋಕೆ ಬೇಕಾಗುತ್ತೆ."

"ಯಾಕಪ್ಪಾ ಒಂದು ದಿನಾನೂ ಹೇಳ್ಲಿಲ್ಲ?"

"ನೀನು ಬರೆಯೋವಾಗ ನಿನ್ನ ಮುಖ ಬೆಳಗೋದು ಈ ಮಂಜುಗಣ್ಣಿಗೂ ಕಾಣ್ತಿತ್ತಲ್ಲ. ಹೇಗೆ ಹೇಳಲಿ?"

ಅವಳಿಗೆ ಹೇಸಿಗೆ ಆದದ್ದು ಉಗುಳಿಗಿಂತ ಹೆಚ್ಚಾಗಿ ಅಪ್ಪ ಅದನ್ನು ಬಚ್ಚಿಟ್ಟದ್ದಕ್ಕೆ. ದಿನವೂ ಅಪ್ಪ ಬೀದಿ ಕೊನೆಯ ನಲ್ಲಿಯಲ್ಲಿ ತೋಳು ತೊಳೆದೇ ಒಳಗೆ ಬರುತ್ತಿದ್ದ. ಅದು ಮಡಿಯೆಂದು ಅವಳು ತಿಳಿದಿದ್ದಳು.

ಎರಡನೆಯ ದಿನ ಎಡಗೈಲಿ ಹಿಡಿದಳು. ಅಪ್ಪನ ಜಾಗ, ಅಪ್ಪನ ಜಾಗ ಎಂದು ಜಪದಂತೆ ಹೇಳಿಕೊಂಡು ಉಸಿರು ಬಿಗಿಹಿಡಿದಳು.

ಮೂರನೆಯ ದಿನ ಆ ಜಪವೂ ಸಾಲಲಿಲ್ಲ. ರಾಣಿ ಅಂದು ಎರಡು ಉಂಡೆ ತುಂಬಿಕೊಂಡಿದ್ದ. ಸೆರಗು ಹರಡಿ ಬಾಗಿದಾಗ ಅವಳ ಕೈ ಅರೆಗಳಿಗೆ ತಡವಾಯಿತು. ಕೆನ್ನೆಯ ಮೇಲೆ, ತುಟಿಯ ಮೇಲೆ, ತೆರೆದ ಪುಟದ ಮೇಲೆ ಬಿತ್ತು. ಅವಳೇ ಬರೆದ ಅಕ್ಷರಗಳು ಕಂದು ರಸದಲ್ಲಿ ಕರಗಿ ಒಂದರೊಳಗೊಂದು ಹರಿದವು. ಅವನು ಬಾಯಿ ಒರೆಸಿಕೊಂಡು ತಲೆಯೆತ್ತಿ, ಮಾತಿಗಾಗಿ ಕಾದ. ಅವಳ ಬಾಯಿಂದ ಬಂದದ್ದು ಆಟದ ಮಾತಲ್ಲ.

"ಥೂ, ನಿನ್ನ ಎಂಜಲು ನನ್ನ ಮುಖದ ಮೇಲೆ ಬಿತ್ತು."

ರಾಣಿ ಎರಡೂ ತೋಳು ಚಾಚಿ, ದೊರೆಯ ಕಡೆ ತಿರುಗಿ, ಜೇನಿನ ದನಿಯಲ್ಲಿ ಹೇಳಿಬಿಟ್ಟ: "ಥೂ, ನಿನ್ನ ಎಂಜಲು ನನ್ನ ಮುಖದ ಮೇಲೆ ಬಿತ್ತು."

ಮುಗಿಯಿತು, ಅಪ್ಪನ ಜಾಗ ಹೋಯಿತು ಎಂದುಕೊಂಡಳು. ಮೇಲೆ ಈಗ ನಗು ಏಳುತ್ತದೆಂದು ಕಾದಳು. ನಗು ಏಳಲಿಲ್ಲ. ಒಬ್ಬರೂ ಕೆಮ್ಮಲಿಲ್ಲ. ರಾಣಿಯ ಕಣ್ಣು ಮಾತ್ರ ಗುಂಡಿಯಲ್ಲಿ ನೆಟ್ಟಿತ್ತು, ತುತ್ತಿಗೆ ಬಾಯಿ ತೆರೆದ ಕೂಸಿನ ಹಾಗೆ. ಆಟದ ಮಾತು ಅವಳಿಗೆ ಬಾಯಿಗೇ ಬರುತ್ತಿತ್ತು, ಎತ್ತಿಕೊಟ್ಟು ಸರಿಮಾಡಬಹುದಿತ್ತು. ದೇವರೇ, ನೀನೇ ನೋಡಿಕೋ ಎಂದು ಅವಳು ಪುಸ್ತಕ ಮುಚ್ಚಿದಳು.

"ಇಪ್ಪತ್ತು ವರ್ಷ ಕೈಯೊಡ್ಡಿ ಹಿಡಿದೆ," ಎಂದಳು. ರಾಣಿ ಹಾಗೆಯೇ ಅಂದ. "ತೊಳೆದುಕೊಂಡು ಮನೆಗೆ ಹೋಗಿ, ಮಕ್ಕಳ ಮುಂದೆ ನಕ್ಕೆ." ರಾಣಿ ಅಂದ. "ನೀನು ಎತ್ತರದಲ್ಲಿ ಕೂತಿದ್ದಕ್ಕೆ ದೊಡ್ಡವನಾಗಿ ಕಂಡೆ. ಕೆಳಗಿನಿಂದ ನೋಡಿದವಳಿಗೆ ನಿನ್ನ ಹುಣ್ಣೂ ಗೊತ್ತು, ನಾತವೂ ಗೊತ್ತು. ಇನ್ನು ಹಿಡಿಯಲಾರೆ."

ಸಿಂಹಾಸನದ ಮೇಲಿದ್ದ ದೊರೆ, ತನ್ನ ಮಾತು ಯಾವಾಗ ಬರುತ್ತದೆಂದು ತಿಳಿಯದೆ, ತಲೆ ತಗ್ಗಿಸಿದ. ಅದೇ ಸರಿಹೋಯಿತು. ಪರದೆ ಬಿದ್ದದ್ದೇ ಸೂರು ಹಾರುವಂತೆ ಚಪ್ಪಾಳೆ.

ಯಜಮಾನರು ಓಡಿಬಂದರು. ಆ ಮಾತು ನಾಳೆಗೂ ಬೇಕು, ನಾಡಿದ್ದಿಗೂ ಬೇಕು, ಎಲ್ಲಿತ್ತು ಅದು ಎಂದು ಕೇಳಿದರು. ರಾಣಿ ಎದೆಯುಬ್ಬಿಸಿ, ತನಗೆ ಆವೇಶ ಬಂದು ತಾನಾಗಿ ಹೊರಟಿತೆಂದ.

"ಹಾಗಾದ್ರೆ ಇನ್ನೊಂದ್ಸಲ ಹೇಳು, ಬರ್ಕೊಳ್ಳೋಣ."

ರಾಣಿ ಬಾಯಿ ತೆರೆದ. ಕಣ್ಣು ತನ್ನಷ್ಟಕ್ಕೆ ಗುಂಡಿಯ ಕಡೆಗೆ ಹೋಯಿತು. ಅಲ್ಲಿಂದ ಏನೂ ಬರಲಿಲ್ಲ. ಬಂದದ್ದು ಅವಳೇ. ಹಲಗೆಯ ಅಂಚಿಗೆ ಕೈಯೂರಿ, ಮೊಣಕಾಲು ಎಳೆದುಕೊಂಡು ಮೇಲೆ ಹತ್ತಿ ನಿಂತಳು, ಕೆನ್ನೆಯ ಮೇಲೆ ಒಣಗುತ್ತಿದ್ದ ಕಲೆಯ ಸಮೇತ. ಹೆಣ್ಣೊಂದು ಹಲಗೆ ತುಳಿಯಿತೆಂಬುದು ಆ ಗಡಿಬಿಡಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಅವಳಿಗೂ ಎದೆಯಲ್ಲಿ ದೀಪ ಹೊತ್ತಲಿಲ್ಲ. ಹಲಗೆ ಜಿಡ್ಡಾಗಿದೆ ಎಂದಷ್ಟೇ ಅಂಗಾಲಿಗೆ ತಿಳಿಯಿತು.

ಯಜಮಾನರು ಅವಳ ಕೆನ್ನೆ ನೋಡಿದರು, ರಾಣಿಯ ದವಡೆ ನೋಡಿದರು, ಒಮ್ಮೆ ಗಂಟಲು ಸರಿಮಾಡಿಕೊಂಡರು.

"ಬರ್ಕೊಡ್ತೀಯಾ ಮಗಳೇ?"

"ಬರ್ಕೊಡ್ತೀನಿ. ಅಪ್ಪನ ಜಾಗ ಅಪ್ಪಂದೇ ಆಗಿರಲಿ."

"ಆಗಲಿ. ಮತ್ತೇನು?"

ಮತ್ತೇನೂ ಇಲ್ಲವೆಂದು ಅವಳು ತಲೆಯಾಡಿಸಿದಳು. ಬಗ್ಗಿ ಗುಂಡಿಯೊಳಗೆ ಎಡಗೈ ಇಳಿಬಿಟ್ಟು, ಅಂಚಿನವರೆಗೆ ತುಂಬಿದ್ದ ಪೀಕದಾನಿಯನ್ನು ತುಳುಕದ ಹಾಗೆ ಮೇಲೆತ್ತಿದಳು. ನಾಲ್ಕು ಹೆಜ್ಜೆ ನಡೆದು ಜರಿಸೀರೆಯ ರಾಣಿಯ ಮುಂದೆ ನಿಂತಳು.

"ಇದು ನಿಮ್ಮದು," ಎಂದಳು ಮೆಲ್ಲಗೆ.

ಅವನು ಯಜಮಾನರ ಮುಖ ನೋಡಿದ. ಅವರು ದೀಪದ ಬತ್ತಿ ನೋಡುತ್ತಿದ್ದರು. ರಾಣಿ ಬಳೆ ಸದ್ದಾಗದ ಹಾಗೆ ಎರಡೂ ಕೈ ಚಾಚಿ ತೆಗೆದುಕೊಂಡ.