ಸೂಚನೆ ತಲುಪಿದ ದಿನಾಂಕ

ಶುಕ್ರವಾರ ಮಧ್ಯಾಹ್ನ ಎರಡು ಗಂಟೆಯವರೆಗೆ ನಾನು ನೆಮ್ಮದಿಯ ಮನುಷ್ಯನಾಗಿದ್ದೆ. ಶಿಕ್ಷಣ ಕಚೇರಿಯಲ್ಲಿ ನನ್ನನ್ನು ಎಲ್ಲರೂ ‘ನೂರಕ್ಕೆ ನೂರು’ ಎಂದೇ ಕರೆಯುವುದು. ಜಿಲ್ಲೆಯ ನಲವತ್ತೊಂದು ಸರ್ಕಾರಿ ಶಾಲೆಗಳ ನೌಕರರಿಗೆ ರಜೆ, ವರ್ಗಾವಣೆ, ಕೆಲಸದ ವೇಳೆ, ಹೊಸ ನಿಯಮ ಎಲ್ಲವನ್ನೂ ತಿಳಿಸುವುದು ನನ್ನ ಕೆಲಸ. ತಿಳಿಸಿದರೆ ಸಾಲದು, ತಿಳಿಯಿತು ಎಂದು ಅವರ ಸಹಿ ಬರಬೇಕು. ಬೇರೆ ಜಿಲ್ಲೆಗಳಲ್ಲಿ ನೂರಕ್ಕೆ ಎಪ್ಪತ್ತು ಸಹಿ ಬಂದರೆ ಪುಣ್ಯ. ನನ್ನಲ್ಲಿ ಮೂರು ವರ್ಷದಿಂದ ಒಂದೂ ಬಿಟ್ಟುಹೋಗಿಲ್ಲ. ಅದಕ್ಕೆಂದು ಹೋದ ವರ್ಷ ಪ್ರಶಸ್ತಿಪತ್ರವನ್ನೂ ಕೊಟ್ಟರು. ಅಮ್ಮ ಅದನ್ನು ತನ್ನ ಮಂಚದ ಎದುರಿನ ಗೋಡೆಗೆ ಹಾಕಿಸಿಕೊಂಡಿದ್ದಾಳೆ.

ಎರಡು ಗಂಟೆಗೆ ಅಧಿಕಾರಿ ಮೇಡಂ ನನ್ನ ಮೇಜಿನ ಮುಂದೆ ನಿಂತು, ಸ್ವಚ್ಛತಾ ಸಿಬ್ಬಂದಿಯಿಂದ ಎಷ್ಟು ಅರ್ಜಿ ಬಂದಿವೆ ಎಂದು ಕೇಳಿದರು. ಒಂದೂ ಬಂದಿರಲಿಲ್ಲ. ಹಾಗಾದರೆ ಯಾರಿಗೂ ಇದ್ದ ಶಾಲೆಯ ಮೇಲೆ ಅಂಥ ಮೋಹ ಇಲ್ಲವೆಂದಾಯಿತು, ಸೋಮವಾರ ನಮಗೆ ಅನುಕೂಲವಾದ ಹಾಗೆ ಹಂಚಿಬಿಡೋಣ ಎಂದು ಹೇಳಿ ಹೋದರು.

ಅರ್ಜಿ ಕೇಳಿದ ಆ ಸೂಚನೆಯನ್ನು ಹದಿನಾಲ್ಕು ದಿನದ ಹಿಂದೆ ನಾನೇ ಎಲ್ಲ ಶಾಲೆಗಳಿಗೂ ಕಳಿಸಿದ್ದೆ. ಗುಡಿಸುವ, ಒರೆಸುವ ಅರವತ್ತೆರಡು ಜನರಲ್ಲಿ ಯಾರಿಗೆ ಈಗಿರುವ ಶಾಲೆಯಲ್ಲೇ ಮುಂದುವರಿಯುವ ಇಷ್ಟವಿದೆಯೋ ಅವರು ಈ ಶುಕ್ರವಾರ ಸಂಜೆ ಐದರೊಳಗೆ ಅರ್ಜಿ ಕೊಡಬೇಕು, ಕೊಡದವರನ್ನು ಎಲ್ಲಿ ಜಾಗ ಖಾಲಿಯಿದೆಯೋ ಅಲ್ಲಿಗೆ ಹಾಕಲಾಗುವುದು ಎಂದು ಅದರಲ್ಲಿತ್ತು. ಆ ಅರವತ್ತೆರಡರಲ್ಲಿ ನನ್ನ ಅಕ್ಕನೂ ಒಬ್ಬಳು. ಅವಳ ಶಾಲೆಯ ಹಿಂದಿನ ಎರಡನೇ ಓಣಿಯಲ್ಲೇ ಅವಳ ಮನೆ. ಆ ಮನೆಯಲ್ಲಿ, ತಾನಾಗಿ ಎದ್ದು ಕೂರಲಾಗದ ನಮ್ಮಮ್ಮ. ಮಧ್ಯಾಹ್ನದ ಅರ್ಧ ಗಂಟೆ ಬಿಡುವಿನಲ್ಲಿ ಅಕ್ಕ ಓಡಿಹೋಗಿ ಅಮ್ಮನಿಗೆ ಉಣಿಸಿ, ಮಗ್ಗುಲು ಬದಲಿಸಿ, ಮತ್ತೆ ಓಡಿ ಬರುತ್ತಾಳೆ. ನಾನು ಭಾನುವಾರ ಹೋಗಿ ಎದುರು ಕೂತು ಬರುವ ಮಗ. ಅಕ್ಕನನ್ನು ದೂರದ ಶಾಲೆಗೆ ಹಾಕಿದರೆ ಅಮ್ಮನ ಮಧ್ಯಾಹ್ನಕ್ಕೆ ದಿಕ್ಕಿಲ್ಲ. ಇಷ್ಟು ಗೊತ್ತಿದ್ದೂ ಅವಳು ಅರ್ಜಿ ಕೊಟ್ಟಿಲ್ಲ ಎಂದರೆ ಅರ್ಥ ಒಂದೇ, ಸೂಚನೆ ಅವಳನ್ನು ತಲುಪಿಯೇ ಇಲ್ಲ.

ಸಹಿಯ ಹಾಳೆ ತೆಗೆದು ನೋಡಿದೆ. ಅಕ್ಕನ ಸಹಿ ದುಂಡಗೆ, ಸ್ಪಷ್ಟವಾಗಿ ಇತ್ತು. ಇರದೆ ಏನು, ತಿಂಗಳ ಮೊದಲ ದಿನ ಅದನ್ನು ಹಾಕಿಸಿಕೊಂಡವನು ನಾನೇ.

ನನ್ನ ನೂರಕ್ಕೆ ನೂರರ ಗುಟ್ಟು ಅದು. ಮೊದಲು ಒಂದೊಂದು ಸೂಚನೆಯ ಜೊತೆಗೂ ಒಂದು ಹಾಳೆ ಹೋಗುತ್ತಿತ್ತು. ಶಾಲೆಯ ಗುಮಾಸ್ತರು ಸಿಬ್ಬಂದಿಯನ್ನು ಕರೆದು, ಓದಿ ಹೇಳಿ, ಸಹಿ ಮಾಡಿಸಿ ಕಳಿಸುತ್ತಿದ್ದರು. ಒಂದು ಶಾಲೆಯದು ಬಂದರೆ ಇನ್ನೊಂದರದು ಬರುತ್ತಿರಲಿಲ್ಲ. ಫೋನ್ ಮಾಡಿ ಮಾಡಿ ಗಂಟಲು ಒಣಗಿತು. ಶಿಕ್ಷಕರ ಸಮಸ್ಯೆ ಕಂಪ್ಯೂಟರಿನಲ್ಲಿ ಬಗೆಹರಿಯಿತು. ಉಳಿದವರಿಗೆ ನಾನೊಂದು ಉಪಾಯ ಕಂಡುಹಿಡಿದೆ: ತಿಂಗಳ ಮೊದಲ ದಿನ ನಾಲ್ಕು ಖಾಲಿ ಹಾಳೆಗಳಿಗೆ ಗುಮಾಸ್ತರ ಮೂಲಕ ಎಲ್ಲರ ಸಹಿ ಪಡೆದು ನನ್ನ ಡ್ರಾಯರಿನಲ್ಲಿ ಇಟ್ಟುಕೊಳ್ಳುವುದು, ಸೂಚನೆ ಹೊರಟ ದಿನ ಮೇಲೆ ಅದರ ಸಂಖ್ಯೆ ಬರೆದು ಫೈಲಿಗೆ ಸೇರಿಸುವುದು. ಗುಮಾಸ್ತರು ನನ್ನನ್ನು ಹೊಗಳಿದ್ದೇ ಹೊಗಳಿದ್ದು. ಸಹಿ ಬೇಕಿಲ್ಲದ ಮೇಲೆ ಕರೆಯುವುದು ನಿಂತಿತು, ಕರೆಯುವುದು ನಿಂತ ಮೇಲೆ ಓದಿ ಹೇಳುವುದೂ ನಿಂತಿತು. ಸೂಚನೆಯನ್ನು ನೇರ ಶಿಕ್ಷಕರ ಕೊಠಡಿಯ ಫಲಕಕ್ಕೆ ಚುಚ್ಚಿ ಕೈ ತೊಳೆದುಕೊಳ್ಳುತ್ತಿದ್ದರು. ಇದೆಲ್ಲ ನನಗೆ ತಿಳಿಯಲಾಗದ್ದೇನಲ್ಲ. ತಿಳಿದುಕೊಳ್ಳುವ ಗೋಜಿಗೆ ಹೋಗಿರಲಿಲ್ಲ, ಅಷ್ಟೇ.

ಕೆಲಸದ ಹೊತ್ತಿನಲ್ಲಿ ಅಕ್ಕನ ಫೋನ್ ಚೀಲದಲ್ಲಿರುತ್ತದೆ, ಚೀಲ ಬೀರುವಿನಲ್ಲಿರುತ್ತದೆ. ಒಂದು ಅರ್ಜಿ ನಮೂನೆಯನ್ನೂ ಆ ಸಹಿಯ ಹಾಳೆಯನ್ನೂ ಜೇಬಿಗೆ ತುರುಕಿಕೊಂಡು ಹೊರಟೆ. ದಾರಿಯಲ್ಲಿ ಮೂರು ಕಡೆ ಕೆಂಪು ದೀಪ. ನಿಂತಲ್ಲಿ ನಿಲ್ಲಲಾಗದೆ ಸ್ಕೂಟರಿನ ಮೇಲೆ ಕೂತೇ ಕಾಲು ಕುಣಿಸುತ್ತಿದ್ದೆ. ಪಕ್ಕದ ಕಾರಿನವನು ನನ್ನನ್ನೇ ನೋಡುತ್ತಿದ್ದ.

ಅಕ್ಕ ಮೇಲಿನ ಮಹಡಿಯ ಪಡಸಾಲೆಯಲ್ಲಿ ನೆಲ ಉಜ್ಜುವ ಯಂತ್ರದ ಹಿಂದೆ ನಡೆಯುತ್ತಿದ್ದಳು. ನನ್ನ ಮುಖ ನೋಡಿದ್ದೇ ಯಂತ್ರ ನಿಲ್ಲಿಸಿದಳು. ಅಮ್ಮನಿಗೆ ಏನಾದರೂ ಆಯಿತೇ ಎನ್ನುವುದೇ ಅವಳ ಮೊದಲ ಮಾತು. ಇಲ್ಲವೆಂದು ಹೇಳಿ, ನಮೂನೆ ಕೈಗಿಟ್ಟು, ಒಂದೇ ಉಸಿರಿಗೆ ವಿಷಯ ಒಪ್ಪಿಸಿದೆ. ಅವಳು ಕೈ ಒರೆಸಿಕೊಂಡು ನಿಧಾನವಾಗಿ ಓದಿದಳು. ಅವಳು ಯಾವತ್ತೂ ನಿಧಾನವೇ. ನನಗೆ ಅವಳ ಕೈಯಿಂದ ಕಿತ್ತುಕೊಂಡು ನಾನೇ ತುಂಬಿಬಿಡೋಣ ಅನ್ನಿಸುತ್ತಿತ್ತು.

ಇದು ಯಾವಾಗ ಬಂದದ್ದು ಎಂದು ಕೇಳಿದಳು. ಹದಿನಾಲ್ಕು ದಿನವಾಯಿತು, ಶಿಕ್ಷಕರ ಕೊಠಡಿಯ ಫಲಕದಲ್ಲಿ ಇದ್ದಿರಬೇಕು ಎಂದೆ. ಇಬ್ಬರೂ ಹೋಗಿ ನೋಡಿದೆವು. ಫಲಕದ ಗಾಜಿನ ಬಾಗಿಲಿನ ಹಿಂದೆ ಇತ್ತು, ಮುಕ್ಕಾಲು ಭಾಗದ ಮೇಲೆ ಪರೀಕ್ಷೆಯ ವೇಳಾಪಟ್ಟಿ ಚುಚ್ಚಿದ್ದರು.

“ಈ ಗಾಜು ದಿನಾ ನಾನೇ ಒರೆಸ್ತೀನಿ,” ಎಂದಳು ಅಕ್ಕ.

ನಾನು ಸಹಿಯ ಹಾಳೆ ತೋರಿಸಿದೆ. ಯಾಕೆ ತೋರಿಸಿದೆನೋ, ಬಹುಶಃ ಅವಳು ನನ್ನನ್ನು ಚೆನ್ನಾಗಿ ಬೈದರೆ ಹಗುರಾಗುತ್ತೇನೆ ಎಂದಿರಬೇಕು. ಅವಳು ಬೈಯಲಿಲ್ಲ. ತನ್ನ ಸಹಿಯ ಕೆಳಗೂ ಮೇಲೂ ಇದ್ದ ಹೆಸರುಗಳನ್ನು ಒಂದೊಂದಾಗಿ ಓದಿದಳು.

“ಇವರಿಗೆಲ್ಲ ಗೊತ್ತಾ?”

ಇಲ್ಲವೆಂದು ತಲೆಯಾಡಿಸಿದೆ.

“ಮತ್ತೆ ಒಂದೇ ಫಾರಂ ತಂದಿದ್ದೀಯ?”

ಮೊದಲು ನೀನು ತುಂಬು, ಆಮೇಲೆ ನೋಡೋಣ ಎಂದೆ. ನಮೂನೆಯ ಕೊನೆಯಲ್ಲಿ ‘ಸೂಚನೆ ತಲುಪಿದ ದಿನಾಂಕ’ ಎಂದೊಂದು ಜಾಗವಿತ್ತು. ಅಲ್ಲಿ ಹದಿನಾಲ್ಕು ದಿನದ ಹಿಂದಿನ ತಾರೀಕು ಹಾಕು ಎಂದು ಹೇಳಿಕೊಟ್ಟೆ. ಯಾಕೆ ಎಂದು ಕೇಳಿದಳು. ಸೂಚನೆ ತಲುಪಿದ ಮೇಲೆ ಹತ್ತು ದಿನ ಸಮಯ ಕೊಡಲೇಬೇಕೆಂಬ ನಿಯಮವಿದೆ, ಇವತ್ತೇ ತಲುಪಿತು ಎಂದು ಬರೆದರೆ ಗಡುವು ಎಲ್ಲರಿಗೂ ಮುಂದಕ್ಕೆ ಹೋಗುತ್ತದೆ, ಆಗ ನನ್ನ ಹಾಳೆಗಳೆಲ್ಲ ಸುಳ್ಳೆಂದು ಬಯಲಾಗುತ್ತದೆ ಎಂದು ತೊದಲಿದೆ. ಅಕ್ಕ ನಮೂನೆ ಮಡಚಿ ಸೆರಗಿಗೆ ಸಿಕ್ಕಿಸಿಕೊಂಡಳು. ಗಂಟೆ ಮೂರಾಗಿತ್ತು.

ಅರವತ್ತೊಂದು ಜನರನ್ನು ಎರಡು ಗಂಟೆಯಲ್ಲಿ ಹಿಡಿಯುವುದು ಹೇಗೆಂದು ನನಗೆ ತೋಚಲಿಲ್ಲ. ಎಲ್ಲರಿಗೂ ತಿಳಿಸುವ ಕೆಲಸದವನ ಹತ್ತಿರ ಅವರಲ್ಲಿ ಒಬ್ಬರ ನಂಬರೂ ಇರಲಿಲ್ಲ, ಇದ್ದದ್ದು ಶಾಲೆಗಳ ಕಚೇರಿಯ ನಂಬರು ಮಾತ್ರ. ಅಕ್ಕ ಬೀರುವಿನಿಂದ ಫೋನ್ ತಂದಳು. ನಲವತ್ತೊಂದು ಶಾಲೆಗೆ ಇರುವುದು ನೆಲ ಉಜ್ಜುವ ಮೂರೇ ಯಂತ್ರ. ಇಲ್ಲಿ ಉಜ್ಜಿ ಮುಗಿದರೆ ಮುಂದಿನ ಶಾಲೆಯವಳಿಗೆ ಫೋನ್ ಮಾಡಿ ಹೇಳಬೇಕು, ಅವಳು ತನ್ನದು ಮುಗಿಸಿ ಅದರ ಮುಂದಿನವಳಿಗೆ. ಯಂತ್ರ ಹೋಗುವ ದಾರಿಯಲ್ಲೇ ಅವರ ಮಾತೂ ಹೋಗುತ್ತದೆ. ಕಚೇರಿಗೆ ಇದು ಗೊತ್ತಿಲ್ಲ, ಏಕೆಂದರೆ ಇದನ್ನು ಯಾರೂ ನಮಗೆ ಬರೆದು ಕಳಿಸಿಲ್ಲ.

“ಯಂತ್ರದ ವಿಷಯ ಅಲ್ಲ ಕಣೇ,” ಎಂದು ಫೋನಿನಲ್ಲಿ ಶುರುಮಾಡಿದಳು ಅಕ್ಕ. “ಮೊದಲು ಕೂತ್ಕೋ, ಆಮೇಲೆ ಕೇಳು.”

ಅದು ಮುಗಿದಿದ್ದೇ ಉಳಿದೆರಡು ಯಂತ್ರಗಳು ಇರುವ ಶಾಲೆಗಳವರಿಗೂ ಫೋನ್ ಹಚ್ಚಿದಳು. ನಾನು ಕಚೇರಿಗೆ ಓಡಿ ಬಂದು ನಮೂನೆಗಳನ್ನು ಅಚ್ಚು ಹಾಕಲು ಕೊಟ್ಟೆ. ಆ ದರಿದ್ರ ಮುದ್ರಣಯಂತ್ರ ಎರಡು ಸಲ ಕಾಗದ ನುಂಗಿತು. ಕಿಟಕಿಗೂ ಕೌಂಟರಿಗೂ ನಡುವೆ ಎಷ್ಟು ಸಲ ತಿರುಗಿದೆನೋ, ಪಕ್ಕದ ಮೇಜಿನ ಗೆಳೆಯ ನಿನ್ನ ಚಪ್ಪಲಿಗಾದರೂ ರಜೆ ಕೊಡೋ ಎಂದು ಗೇಲಿ ಮಾಡಿದ. ನಾಲ್ಕಾಯಿತು. ಯಾರೂ ಬರಲಿಲ್ಲ. ನಾಲ್ಕೂ ಹತ್ತಕ್ಕೆ ಇಬ್ಬರು ಬಂದರು, ಕಾಲಿನಲ್ಲಿ ಇನ್ನೂ ರಬ್ಬರು ಬೂಟು. ಆಮೇಲೆ ಐದು ಜನ ಒಂದೇ ಆಟೋದಿಂದ ಇಳಿದರು. ನಾಲ್ಕೂವರೆಗೆ ಸಾಲು ಮೆಟ್ಟಿಲವರೆಗೆ ಬೆಳೆದು, ಕಚೇರಿಯ ತುಂಬ ಫಿನಾಯಿಲಿನ ವಾಸನೆ. ಗೋಡೆಗೆ ಒರಗಿ, ಒಬ್ಬರ ಬೆನ್ನಿನ ಮೇಲೆ ಇನ್ನೊಬ್ಬರು ಕಾಗದವಿಟ್ಟು ಬರೆಯುತ್ತಿದ್ದರು. ನನ್ನನ್ನು ಯಾರೂ ಒಂದು ಮಾತೂ ಬೈಯಲಿಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚಿತು.

ಅರ್ಜಿ ತೆಗೆದುಕೊಂಡು ಮುದ್ರೆ ಒತ್ತುತ್ತಾ ಹೋದೆ. ನಾಲ್ಕೈದು ಆದ ಮೇಲೆ ಗಮನಿಸಿದೆ. ಎಲ್ಲರ ಅರ್ಜಿಯಲ್ಲೂ ಎಲ್ಲ ತುಂಬಿತ್ತು. ‘ಸೂಚನೆ ತಲುಪಿದ ದಿನಾಂಕ’ ಮಾತ್ರ ಖಾಲಿ. ಮುದ್ರೆ ಹಿಡಿದ ಕೈ ನಿಂತಿತು. ಅವರ ಮುಖ ನೋಡಿದರೆ ಅವರು ಬೇರೆ ಕಡೆ ನೋಡುತ್ತಿದ್ದರು.

ಐದಕ್ಕೆ ಎಂಟು ನಿಮಿಷವಿದ್ದಾಗ ಅಕ್ಕ ಬಂದಳು, ಸಾಲಿನ ಕೊನೆಯವಳು. ಅವಳದನ್ನು ಸೇರಿಸಿದರೆ ಐವತ್ತೊಂದಾಯಿತು. ಉಳಿದ ಹನ್ನೊಂದು ಜನರಲ್ಲಿ ಕೆಲವರು ಫೋನಿಗೆ ಸಿಕ್ಕಿರಲಿಲ್ಲ, ಒಬ್ಬಳು ಬಾಣಂತಿ, ನಾಲ್ವರು ಗಡಿಯ ಶಾಲೆಗಳವರು, ಹೊರಟರೂ ತಲುಪುವ ಹೊತ್ತಿಗೆ ಏಳಾಗುತ್ತದೆ ಎಂದು ಅಕ್ಕ ಹೇಳಿದಳು. ಅವಳ ಅರ್ಜಿಯಲ್ಲೂ ಆ ಜಾಗ ಖಾಲಿ.

“ಇದನ್ನ ಬಿಟ್ಟಿದ್ದೀಯಲ್ಲ, ಅಕ್ಕ.”

“ಎಲ್ಲರಿಗೂ ಬಿಡೋಕೆ ನಾನೇ ಹೇಳ್ದೆ,” ಎಂದಳು. “ನೀನೇ ತುಂಬು. ನಾವು ಸಹಿ ಹಾಕಿದ ಖಾಲಿ ಕಾಗದ ತುಂಬಿ ನಿನಗೆ ಅಭ್ಯಾಸ ಇದೆ.”

ಅವಳ ದನಿಯಲ್ಲಿ ಕೋಪವಿರಲಿಲ್ಲ. ಚಿಕ್ಕಂದಿನಲ್ಲಿ ನನ್ನ ಮುಂದೆ ತಟ್ಟೆ ಇಟ್ಟು, ಬಡಿಸಿಕೋ ಎಂದು ಹೇಳುತ್ತಿದ್ದಂತೆಯೇ ಹೇಳಿದಳು. ಹಳೆಯ ತಾರೀಕು ಬರೆದರೆ ಅಕ್ಕನ ಶಾಲೆ ಉಳಿಯುತ್ತದೆ, ಅಮ್ಮನ ಮಧ್ಯಾಹ್ನ ಉಳಿಯುತ್ತದೆ, ನನ್ನ ನೂರೂ ಉಳಿಯುತ್ತದೆ. ಹೋಗುವುದು ಇಲ್ಲಿಲ್ಲದ ಹನ್ನೊಂದು ಜನರದು. ನಾನು ಮುಖ ನೋಡದ ಜನ. ಬರೆದುಬಿಡೋಣ ಎಂದೇ ಪೆನ್ನು ತೆಗೆದೆ, ಇದನ್ನು ಮುಚ್ಚಿಟ್ಟು ಹೇಳಿದರೆ ಪಾಪ. ಆದರೆ ಸಾಲಿನವರು ಯಾರೂ ಹೋಗಿರಲಿಲ್ಲ. ಐವತ್ತು ಜನ ಕೆಲಸದ ಬಟ್ಟೆಯಲ್ಲಿ ನಿಂತು, ನನ್ನ ಪೆನ್ನಿನ ತುದಿಯನ್ನೇ ನೋಡುತ್ತಿದ್ದರು.

ಅಕ್ಕನ ಅರ್ಜಿಯ ಮೇಲೆ ಇವತ್ತಿನ ತಾರೀಕು ಬರೆದೆ. ಆಮೇಲೆ ಕಟ್ಟನ್ನು ಬಿಚ್ಚಿ ಒಂದೊಂದರ ಮೇಲೂ ಬರೆದೆ. ಮುಗಿಯುವ ಹೊತ್ತಿಗೆ ಐದು ದಾಟಿತ್ತು. ಡ್ರಾಯರಿನಲ್ಲಿ ಈ ತಿಂಗಳ ಎರಡು ಖಾಲಿ ಹಾಳೆಗಳು, ಎಲ್ಲರ ಸಹಿ ಬಿದ್ದವು, ಉಳಿದಿದ್ದವು. ಅವನ್ನೂ ಅರ್ಜಿಗಳ ಮೇಲಿಟ್ಟುಕೊಂಡು ಎದ್ದೆ.

ಮೇಡಂ ಕೋಣೆಯ ಬಾಗಿಲು ತಟ್ಟುವ ಮುಂಚೆ ಅಕ್ಕ ಹಿಂದಿನಿಂದ ನನ್ನ ಅಂಗಿಯ ಚುಂಗು ಹಿಡಿದಳು. ಅವಳ ಕಣ್ಣು ತುಂಬಿತ್ತು.

“ಅಮ್ಮ ಆ ಪ್ರಶಸ್ತಿಪತ್ರ ನೋಡ್ಕೊಂಡೇ ಊಟ ಮಾಡೋದು ಕಣೋ,” ಎಂದಳು. “ಅವಳಿಗೆ ಏನಂತ ಹೇಳಲಿ?”

“ನೀನು ಹೇಳಬೇಡ. ನಾನೇ ಬಂದು ಹೇಳ್ತೀನಿ,” ಎಂದೆ. “ನಾಳೆನೇ ಬರ್ತೀನಿ, ಮಧ್ಯಾಹ್ನ ಊಟದ ಹೊತ್ತಿಗೆ.”

ಬಾಗಿಲು ತಟ್ಟಿದೆ. ಒಳಗಿನಿಂದ ಮೇಡಂ, ಬನ್ನಿ ನೂರಕ್ಕೆ ನೂರು ಎಂದು ನಗುತ್ತಾ ಕರೆದರು.