ಗೌಡರ ಹಣೆಯ ಗಾಯ

"ಸೊಂಟ ಬಗ್ಸ್ರೇ ಮುಂಡೇವಾ! ಸ್ವಾತಂತ್ರ ಬಂತು ಅಂತ ನಿಂತ್ಕಂಡು ನಾಟಿ ಆಕ್ತೀರಾ?"

ಬೈದು ಮುಗಿಸಿದ ಗೌಡ ರಾಮಲಿಂಗಯ್ಯ ಬದುವಿನ ಮೇಲೆ ನಿಂತು ತನ್ನ ಹೊಸ ಬಿಳಿ ಟೋಪಿಯನ್ನು ಹಿಂದಕ್ಕೆ ಸರಿಸಿದ. ಹಣೆಯಲ್ಲಿ ಹಳೇ ಗಾಯದ ಗುರುತಿತ್ತು.

"ಬಿಟ್ಟಿ ಬಂತಾ ಸ್ವಾತಂತ್ರ? ಮೂವತ್ತೆಂಟರಲ್ಲಿ ಶಿವಪುರದಾಗೆ ಬಾವುಟ ಆರುಸ್ವಾಗ ಪೋಲೀಸ್ನೋರು ಕೊಟ್ಟ ಏಟು ಇದು!"

ಮದ್ದೂರಿನ ಆ ಗದ್ದೆಯಲ್ಲಿ ನಾಟಿ ಹಾಕುತ್ತಿದ್ದವರೆಲ್ಲ ಕೇರಿಯ ಹೆಂಗಸರು. ಹೋದ ವರ್ಷವಷ್ಟೇ ಮಳವಳ್ಳಿ ಕಡೆಯಿಂದ ಸೊಸೆಯಾಗಿ ಬಂದಿದ್ದ ಇಂದ್ರಮ್ಮನ ಕಣ್ಣು ತುಂಬಿತು.

"ಪಾಪ ಕಣತ್ತೆ, ಬುದ್ಯೋರು ನಮಗೋಸ್ಕರ ಏಟು ತಿಂದವ್ರೆ."

ಅತ್ತೆ ಚಿಕ್ಕಬೋರಮ್ಮ ನಕ್ಕ ರಭಸಕ್ಕೆ ಕೈಲಿದ್ದ ಪೈರು ಕೆಸರಿಗೆ ಬಿತ್ತು.

"ಏಟೇನೋ ತಿಂದ್ರು ಕಣವ್ವ," ಅವಳು ಪಿಸುಗುಟ್ಟಿದಳು. "ಕೊಟ್ಟಿದ್ದು ಪೋಲೀಸಲ್ಲ, ಬಂಡೂರು ಟಗರು! ಅವತ್ತು ಅಮಲ್ದಾರ್ರ ಬಾಡೂಟಕ್ಕೆ ಅಂತ ಇಡಿಯಾಕೋದ್ರು. ಗುಮ್ತು ನೋಡು, ತಿಪ್ಪೇಲಿ ಬಿದ್ರು. ಎತ್ತಿ ಕೂರಿಸ್ದೋಳು ನಾನೇಯ."

"ಅಂಗಾರೆ ಶಿವಪುರಕ್ಕೆ ಓಗ್ನೇ ಇಲ್ವಾ?"

"ಓಗಿದ್ದು ನಿಮ್ಮಾವ."

ಇಂದ್ರಮ್ಮ ಮಾವನನ್ನು ಕಂಡವಳಲ್ಲ. ಅವಳು ಬರುವಷ್ಟರಲ್ಲಿ ಆತ ತೀರಿಹೋಗಿದ್ದ.

"ವಾಪಸ್ ಬಂದೋನ್ನ ಈ ಗೌಡ್ನೇ ಕೊಟ್ಗೆ ಗೂಟಕ್ಕೆ ಕಟ್ಟಾಕಿ, 'ಒಲೇರಿಗ್ಯಾಕ್ಲಾ ಬಾವುಟ' ಅಂತ ಬಾರ್ಕೋಲಲ್ಲಿ ಬಾರಿಸ್ದ."

"ನಿಮ್ ಮಗನೂ ಒಂದಿನ ಏಳ್ಲಿಲ್ವಲ್ಲ!"

"ಅವನ್ಗೂ ಗೊತ್ತಿಲ್ಲ. ಎಳೇ ರಕ್ತ, ಇವ್ನ ಮ್ಯಾಕೆ ಓಗ್ಬುಟ್ಟಾನು ಅಂತ ಬಾಯ್ ಮುಚ್ಕಂಡಿವ್ನಿ."

"ಏನ್ರೇ ಅದು ಗುಸುಗುಸು?" ಗೌಡ ಕೂಗಿದ. "ಪದ ಏಳ್ಕಂಡು ಬಿರ್ರನೆ ಕೈ ಓಡ್ಸ್ರೇ!"

ಪದ ಎತ್ತಿಕೊಡುವವಳು ಯಾವತ್ತೂ ಚಿಕ್ಕಬೋರಮ್ಮ. ಇವತ್ತು ಸೊಸೆಯೇ ಎತ್ತಿದಳು.

"ಬಂಡೂರ ಟಗರಣ್ಣ ಬಂದು ಗುಮ್ಮಿದನಂತೆ
ಗೌಡ್ರು ತಿಪ್ಪೇಲಿ ಮಕಾಡೆ ಬಿದ್ರಂತೆ!"

ಹಳಬರು ಸೆರಗು ಬಾಯಿಗೆ ತುರುಕಿಕೊಂಡರು. ಏನೂ ಅರಿಯದ ಹುಡುಗಿಯರು ರಾಗ ಚೆನ್ನಾಗಿದೆಯೆಂದು ಇನ್ನೂ ಜೋರಾಗಿ ಸೊಲ್ಲು ಹೇಳಿದರು.

"ನಿಲ್ಸ್ರೇ ಬೋಸುಡೇರಾ! ಒಬ್ಬೊಬ್ರನ್ನೂ ಗೂಟಕ್ಕೆ ಕಟ್ಟುಸ್ತೀನಿ!"

ಇಂದ್ರಮ್ಮ ಸೊಂಟ ನೆಟ್ಟಗೆ ಮಾಡಿದಳು. "ಕಟ್ಸಿ ಬುದ್ದಿ. ನಮ್ಮಾವನ್ನ ಕಟ್ಟಿದ್ದ ಗೂಟಕ್ಕೇ ಕಟ್ಸಿ."

ಗೌಡ ಟೋಪಿಯನ್ನು ಗಾಯದ ಮೇಲಕ್ಕೆ ಎಳೆದುಕೊಂಡ. ಗದ್ದೆಯಲ್ಲಿ ಒಬ್ಬರೂ ಬಗ್ಗಲಿಲ್ಲ. ಗಲಾಟೆ ಕೇಳಿ ಪಕ್ಕದ ಗದ್ದೆಯವರೂ ತಲೆಯೆತ್ತಿದರು.

"ಏನ್ರಮ್ಮೀ ಅದು?" ಅಲ್ಲಿಂದ ಯಾರೋ ಕೂಗಿದರು.

"ಶಿವಪುರಕ್ಕೆ ಓಗಿದ್ದು ಗೌಡ್ರಲ್ವಂತೆ, ನಮ್ಮಾವನಂತೆ!"

"ಯಾರೇ ನಿಮ್ಮಾವ? ಏನವ್ನ ಎಸ್ರು?"

ಇಂದ್ರಮ್ಮ ಅತ್ತೆಯತ್ತ ತಿರುಗಿದಳು. ಗಂಡನ ಹೆಸರನ್ನು ಮದುವೆಯಾದಾಗಿನಿಂದ ನಾಲಿಗೆಗೆ ತಂದವಳಲ್ಲ ಚಿಕ್ಕಬೋರಮ್ಮ. ಕೆಸರುಗೈಯನ್ನು ಬಾಯಿಗೆ ಅಡ್ಡ ಹಿಡಿದು, ನಾಲೆಯಾಚೆಗೂ ಕೇಳುವಂತೆ ಕೂಗಿದಳು:

"ಕರಿಯಯ್ಯಾ!"