ಉಮಾವತಿ ಸಿಸ್ಟರ್ ಹಿಡಿದ ಹೆಬ್ಬೆರಳು

ಉಮಾವತಿ ಸಿಸ್ಟರ್ ಯಾರ ಮುಖವನ್ನೂ ಮೊದಲು ನೋಡಿದವರಲ್ಲ. ಪುಣೆಯ ಆ ದೊಡ್ಡ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಬೆಳಿಗ್ಗೆ ಏಳಕ್ಕೆ ಬಂದರೆಂದರೆ, ಎರಡು ಸಾಲು ಮಂಚಗಳ ನಡುವೆ ತುಸು ಬಲಕ್ಕೆ ವಾಲಿಕೊಂಡು ಸರಸರನೆ ನಡೆಯುತ್ತ, ಒಂದೊಂದು ಮಂಚದ ಕಾಲ್ದೆಸೆಯಲ್ಲಿ ನಿಂತು, ಹೊದಿಕೆಯ ತುದಿ ಸರಿಸಿ, ಮಲಗಿದವಳ ಕಾಲಿನ ಹೆಬ್ಬೆರಳನ್ನು ಹಿಡಿದು, "ಥಾಂಬಾ, ಥಾಂಬಾ" ಎಂದು ಕಣ್ಣು ಮುಚ್ಚುವರು. ತಡಿ ಎಂಬ ಆ ಮರಾಠಿ ಮಾತು ರೋಗಿಗೋ, ತಮ್ಮ ಅವಸರದ ಕಾಲಿಗೋ, ಬಾಗಿಲಿಗೆ ಬಂದು ನಿಂತ ಜವರಾಯನಿಗೋ ನಮಗಾರಿಗೂ ತಿಳಿಯುತ್ತಿರಲಿಲ್ಲ.

ಬಾಯಿ ಎಂದರೆ ಆ ಕಡೆ ಅಮ್ಮಾವರು; ಬಿಳಿ ಸೀರೆಯ ಅಂಥ ದೊಡ್ಡ ಬಾಯಿ ಕಾಲು ಮುಟ್ಟಿದರೆ ಬಡ ಹೆಂಗಸರು ಸುಮ್ಮನಿದ್ದಾರೆಯೆ? ಪಾಪ ಬರುತ್ತದೆಂದು ಕಾಲು ಮಡಚಿ ಹೊಟ್ಟೆಗೆ ಸೇರಿಸಿಕೊಳ್ಳುತ್ತಿದ್ದರು. ಪೇಟೆಯ ಕಡೆಯ ಮುತ್ತೈದೆ ಅಜ್ಜಿಯೊಬ್ಬಳು ಮಾತ್ರ ಇದು ನಮಸ್ಕಾರವೇ ಎಂದು ತಿಳಿದು, ಕೈಯೆತ್ತಿ, ಎಂಟು ಮಕ್ಕಳ ತಾಯಾಗು ಎಂದು ಹರಸಿಬಿಟ್ಟಳು. ಮದುವೆಯೇ ಆಗದೆ ಐವತ್ತರ ಹತ್ತಿರ ಬಂದಿದ್ದ ಸಿಸ್ಟರ್ ನಗಲೂ ಇಲ್ಲ. ಆಗಲಿ ಅಜ್ಜಿ, ಈಗ ಇನ್ನೊಂದು ಕಾಲು ಕೊಡು ಎಂದರು.

ನಾನು ಆ ವಾರ್ಡಿನ ಮಾವಶಿ. ಆಯಾಗಳನ್ನು ಅಲ್ಲಿ ಹಾಗೆ ಕರೆಯುತ್ತಾರೆ. ಕಸ, ಪಾತ್ರೆ, ಹಾಸಿಗೆಯ ಕೆಲಸ ಮಾಡುತ್ತ ಹದಿನೆಂಟು ವರ್ಷ ಅವರ ಹಿಂದೆ ಮುಂದೆ ಓಡಾಡಿದ್ದೇನೆ. ಅವರು ಇಂಡಿ ತಾಲೂಕಿನ ಕಡೆಯವರು. ವಾರ್ಡಿಗೆಲ್ಲ ಮರಾಠಿ, ನನಗೊಬ್ಬಳಿಗೆ ಕನ್ನಡ.

ಅವರ ಮೈಮೇಲೆ ಬೂದು ಬಣ್ಣದ ಸ್ವೆಟರೊಂದು ಸದಾ ಇರುತ್ತಿತ್ತು. ಮೇ ತಿಂಗಳ ಉರಿಯಲ್ಲಿ ಫ್ಯಾನಿನ ಕೆಳಗೆ ನಾವು ಸೆರಗು ಬೀಸಿಕೊಳ್ಳುತ್ತಿದ್ದರೆ, ಅವರು ಸ್ವೆಟರಿನ ಎರಡೂ ಜೇಬಿಗೆ ಕೈ ತುರುಕಿಕೊಂಡು ನಿಂತಿರುವರು; ಚಹಾ ಬಂದರೆ ಕುಡಿಯುವುದಕ್ಕಿಂತ ಕಪ್ಪನ್ನು ಅಂಗೈಯಲ್ಲಿ ಹಿಡಿದುಕೊಳ್ಳುವುದೇ ಹೆಚ್ಚು. ಚಿಕ್ಕ ನರ್ಸುಗಳು ಬೆನ್ನ ಹಿಂದೆ ನಗುತ್ತಿದ್ದರು. ನಾನು ಒಂದು ದಿನ ಕೇಳಿಯೇಬಿಟ್ಟೆ. "ತಣ್ಣನ ಕೈಗಿ ತಣ್ಣನ ಬೆರಳು ಹೆಂಗ ತಿಳೀಬೇಕು, ಕಾಶವ್ವ?" ಎಂದರು, ಅಷ್ಟೇ.

ಬೆರಳು ಹಿಡಿಯುವ ಈ ಚಟ ಅವರನ್ನು ಆಸ್ಪತ್ರೆಯ ಹೊರಗೂ ಬಿಡಲಿಲ್ಲ. ನಮ್ಮ ಗುಮಾಸ್ತ ಕೃಷ್ಣಾಜಿಯ ಮಗಳ ಮದುವೆಯಲ್ಲಿ, ಬೀಗರ ಕಡೆಯ ಹಿರಿಯರೊಬ್ಬರಿಗೆ ನಮಸ್ಕರಿಸಲು ಬಗ್ಗಿದವರು ಏಳಲೇ ಇಲ್ಲ. ಹಿರಿಯರು ಹರಸಿದರು, ಮತ್ತೊಮ್ಮೆ ಹರಸಿದರು, ಮೂರನೆಯ ಸಲ ಏನು ಹೇಳಬೇಕೆಂದು ತೋಚದೆ ಸುತ್ತ ನೋಡತೊಡಗಿದರು. ಆಗ ಸಿಸ್ಟರ್ ಎದ್ದು, ಸಕ್ಕರೆ ಕಾಯಿಲೆ ಪರೀಕ್ಷೆ ಮಾಡಿಸಿಕೊಳ್ಳಿ ಎಂದರು. ಕಾಯಿಲೆ ಇದ್ದದ್ದೂ ನಿಜವಾಯಿತು. ಆಮೇಲೆ ಮದುವೆಮನೆಗಳಲ್ಲಿ ಅವರನ್ನು ದೂರದಿಂದ ಕಂಡರೆ ಸಾಕು, ಹಿರಿಯರು ಚಕ್ಕಳಮಕ್ಕಳ ಹಾಕಿ ಧೋತರದೊಳಗೆ ಪಾದ ಮುಚ್ಚಿಕೊಳ್ಳುತ್ತಿದ್ದರು.

ಎಂಬತ್ತೆರಡರ ಏಪ್ರಿಲ್ ಇರಬೇಕು. ಬೆಳಿಗ್ಗೆ ಒಂಬತ್ತಕ್ಕೆ ಸಾಬವ್ವ ಎಂಬ ಇಪ್ಪತ್ತೆರಡರ ಹೆಣ್ಣುಮಗಳನ್ನು ಹೊತ್ತು ತಂದರು. ಯಾದಗಿರಿ ಕಡೆಯವಳು, ಕಟ್ಟಡದ ಕೆಲಸದಲ್ಲಿ ಸರಳು ತರಚಿದ ಅಂಗೈ ಮೊಣಕೈವರೆಗೆ ಬಾತು, ನಂಜು ರಕ್ತಕ್ಕೇರಿತ್ತು. ಕೀವು ತೆಗೆದರು, ಇಂಜೆಕ್ಷನ್ ಕೊಟ್ಟರು, ಎರಡು ಬಾಟಲಿ ಸಲೈನ್ ಹೋಯಿತು. ಬಿಪಿ ಮಾತ್ರ ಏಳಲೊಲ್ಲದು. ಅದನ್ನೇರಿಸುವ ಡೋಪಮಿನ್ ಎಂಬ ಔಷಧವನ್ನು ಮಶೀನುಗಳಿರುವ ಸ್ಪೆಷಲ್ ಕೋಣೆಯಲ್ಲಷ್ಟೇ ಕೊಡಬೇಕೆಂದು ದೊಡ್ಡ ಡಾಕ್ಟರ ಕಟ್ಟಪ್ಪಣೆ. ಅಲ್ಲಿಯ ಆರೂ ಮಂಚ ಭರ್ತಿ. ಚಿಕ್ಕ ಡಾಕ್ಟರ್ ಏಕನಾಥ ಔಷಧದ ಸೀಸೆ ಹಿಡಿದು ಸುಮ್ಮನೆ ನಿಂತಿದ್ದ.

ಸಿಸ್ಟರ್ ದೊಡ್ಡ ಡಾಕ್ಟರಿಗೆ ಫೋನ್ ಮಾಡಿದರು. ಮಂಚವನ್ನು ನನ್ನ ಟೇಬಲ್ಲಿಗೆ ತಾಗಿಸುತ್ತೇನೆ, ಹನಿ ನಾನೇ ಎಣಿಸುತ್ತೇನೆ, ಪಾಳಿ ಮುಗಿದರೂ ಕದಲುವುದಿಲ್ಲ ಎಂದು ಹೇಳಿದರು. ಆ ಕಡೆಯಿಂದ ಬಹಳ ಹೊತ್ತು ಬೈಗುಳ ಬಂದಿರಬೇಕು. ಕೊನೆಗೆ ಒಪ್ಪಿಗೆಯೂ ಬಂತು.

ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಸೂಜಿಯ ಸುತ್ತಲ ಚರ್ಮ ಬಿಳಿಚಿದರೆ ಕೂಗು ಎಂದರು. ಔಷಧ ನರದಿಂದ ಹೊರಗೆ ಸೋರಿದರೆ ಆ ಜಾಗ ಸುಟ್ಟಂತೆ ಕಪ್ಪಾಗುವುದಂತೆ. ತಾವು ಗಡಿಯಾರ ನೋಡಿ ಹನಿ ಎಣಿಸುವರು, ಬಿಪಿ ನೋಡುವರು, ಹೋಗಿ ಬೆರಳು ಹಿಡಿಯುವರು. ಮಧ್ಯಾಹ್ನದ ಹೊತ್ತಿಗೆ ಬಿಪಿ ಏರಿ ಡಾಕ್ಟರ್ ಏಕನಾಥನ ಮುಖ ಅರಳಿತು. ಸಿಸ್ಟರದು ಅರಳಲಿಲ್ಲ. ಸಾಬವ್ವನ ಕಾಲ್ಬೆರಳುಗಳು ನೀಲಿಗಟ್ಟಿದ್ದವು.

"ಈ ಔಷಧ ರಕ್ತಾನ ಎದಿಗಿ, ಮಿದುಳಿಗಿ ಓಡಸ್ತದ, ಕಾಶವ್ವ. ಜಾಸ್ತಿ ಆತಂದ್ರ ಕೈಕಾಲಿಂದ ಕಸ್ಕೊಂಡು ಓಡಸ್ತದ. ಮಶೀನಿಗಿ ಅದು ಕಾಣೂದಿಲ್ಲ."

ಡಾಕ್ಟರಿಗೆ ಹೇಳಿ ಹನಿ ಕಡಿಮೆ ಮಾಡಿಸಿದರು. ಇನ್ನೊಂದು ಬಾಟಲಿ ಸಲೈನ್ ಏರಿಸಿದರು. ಆಮೇಲೆ ಸಾಬವ್ವನ ಎರಡೂ ಹೆಬ್ಬೆರಳುಗಳನ್ನು ಹಿಡಿದು, ಬಗ್ಗಿ, ಕಣ್ಣು ಮುಚ್ಚಿ ನಿಂತರು.

ನಾಲ್ಕು ಗಂಟೆ, ಭೇಟಿಯ ಸಮಯಕ್ಕೆ ಬಾಗಿಲು ತೆರೆದದ್ದು ಅದೇ ಗಳಿಗೆಗೆ. ಅತ್ತೆ ಮರೆಮ್ಮ, ಗಂಡ ಶಂಕ್ರೆಪ್ಪ, ಅವರ ಹಿಂದೆ ಹತ್ತು ಜನ ಕೂಲಿಯವರು. ಅವರು ಕಂಡದ್ದು ಇಷ್ಟು: ಅಷ್ಟು ದೊಡ್ಡ ಬಾಯಿ, ತಮ್ಮ ಮನೆಯ ಸೊಸೆಯ ಎರಡೂ ಪಾದ ಹಿಡಿದು, ತಲೆ ತಗ್ಗಿಸಿ ನಿಂತಿದ್ದಾರೆ. ಕಿರಿಯಳ ಕಾಲನ್ನು ಹಿರಿಯರು ಹಾಗೆ ಹಿಡಿಯುವುದು ಹೆಣವಾದ ಮೇಲಷ್ಟೇ ಎಂದು ಅವರಿಗೆ ಗೊತ್ತಿತ್ತು. ಮರೆಮ್ಮ ಅಲ್ಲೇ ನೆಲಕ್ಕೆ ಕುಸಿದು ಹಾಡಿ ಅಳತೊಡಗಿದಳು; ಉಳಿದವರು ದನಿಗೂಡಿಸಿದರು. ಜೀವ ಇನ್ನೂ ಇದೆ ಎಂದು ನಾನು ಕೂಗಿ ಹೇಳಿದ್ದು ಮತ್ತೂ ಕೆಟ್ಟದ್ದಾಯಿತು. ಶಂಕ್ರೆಪ್ಪ ನೇರ ಬಂದು ಬಾಟಲಿಗೆ ಕೈಹಾಕಿದ.

"ಉಸರಾಡೂ ತನಕನೇ ಊರಿಗಿ ಒಯ್ತೀವ್ರಿ. ಬಿಡಸ್ರಿ ಇದನ್ನ."

ಬಿಡಿಸಿದರೆ ಅವಳು ಸ್ಟೇಷನ್ನನ್ನೂ ಮುಟ್ಟುತ್ತಿರಲಿಲ್ಲ. ಸಿಸ್ಟರ್ ಅವನನ್ನು ತಡೆಯಲಿಲ್ಲ, ದನಿಯನ್ನೂ ಏರಿಸಲಿಲ್ಲ. ಮರೆಮ್ಮನ ಹತ್ತಿರ ಹೋಗಿ ಕೈಹಿಡಿದು ಎಬ್ಬಿಸಿದರು.

"ಥಾಂಬಾ, ಥಾಂಬಾ. ಯಮ್ಮಾ, ಈ ಬೆರಳು ಹಿಡೀರಿ. ದೀಪ ಹಚ್ಚೂ ತನಕ ಬೆಚ್ಚಗಾಗಲಿಲ್ಲಂದ್ರ ನಾನೇ ಗಾಡಿ ಮಾಡಿ ಕಳಸ್ತೀನಿ."

ಮರೆಮ್ಮನ ಅಳು ಅರ್ಧಕ್ಕೆ ನಿಂತಿತು. "ಸೊಸಿ ಕಾಲು ನಾ ಹಿಡೀಲೇನ್ರಿ, ಬಾಯಾರ?"

"ಮುಂಜಾನಿಂದ ನಾ ಹಿಡದೀನಿ. ನನಗೇನರ ಕಡಿಮಿ ಆತೇನು?"

ಬೂದು ಸ್ವೆಟರ್ ಸಿಸ್ಟರ ಮೈಯಿಂದ ಕೆಳಗಿಳಿದದ್ದನ್ನು ನಾನು ಮೊದಲ ಸಲ ಕಂಡೆ. ಅದನ್ನು ಮರೆಮ್ಮನ ಮಡಿಲಿಗೆ ಹಾಕಿ, ಮೊದಲು ಕೈ ಬೆಚ್ಚಗೆ ಮಾಡಿಕೊಳ್ಳಿ ಎಂದರು. ಸುಣ್ಣ ಸಿಮೆಂಟು ತಿಂದು ಒಡೆದ ಆ ಕೈಗಳು ಸ್ವೆಟರಿನೊಳಗಿನಿಂದ ಹೊರಬಂದು, ಅಂಜುತ್ತ ಅಂಜುತ್ತ, ಸೊಸೆಯ ಹೆಬ್ಬೆರಳನ್ನು ಹಿಡಿದವು. ಶಂಕ್ರೆಪ್ಪ ಬಾಟಲಿ ಬಿಟ್ಟು ಗೋಡೆಗೊರಗಿದ. ಹನಿ ಎಣಿಸುತ್ತ ಸಿಸ್ಟರ್, ಚರ್ಮ ನೋಡುತ್ತ ನಾನು, ಬೆರಳು ಹಿಡಿದು ಮರೆಮ್ಮ. ವಾರ್ಡಿನ ಉಳಿದ ಹೆಂಗಸರೆಲ್ಲ ಎದ್ದು ಕೂತು ನಮ್ಮನ್ನು ನೋಡುವರು. ಐದಾಯಿತು, ಆರಾಯಿತು. ದೀಪದ ಗುಂಡಿ ಒತ್ತಲು ನಾನು ಏಳುವುದರೊಳಗೆ ಮರೆಮ್ಮ, ಯಾರೋ ಕದ್ದೊಯ್ದಾರು ಎನ್ನುವಂತೆ ಮೆಲ್ಲಗೆ ಹೇಳಿದಳು: "ಬಾಯಾರ, ಬೆಚ್ಚಗ ಹತ್ತಲಾಕತ್ಯಾದ್ರಿ."

ಸಿಸ್ಟರ್ ಅಂಗೈ ಉಜ್ಜಿಕೊಂಡು ಬಂದು ತಾವೂ ಹಿಡಿದು ನೋಡಿದರು. ನನ್ನತ್ತ ತಿರುಗಿ, ಚಹಾ ತರಿಸು, ಈ ಸಲ ಕುಡಿಯುವುದಕ್ಕೆ ಎಂದರು.

ಮೂರನೆಯ ದಿನ ಔಷಧ ನಿಂತಿತು. ಹನ್ನೆರಡನೆಯ ದಿನ ಸಾಬವ್ವ ತನ್ನ ಕಾಲ ಮೇಲೆ ನಡೆದು ಹೊರಟಾಗ, ಬಾಗಿಲಲ್ಲಿ ನಿಂತು ಅತ್ತೆಗೆ ಕೇಳಿಸುವಂತೆಯೇ ನನಗೆ ಹೇಳಿದಳು: "ನಮ್ಮತ್ತಿ ನನ್ನ ಕಾಲು ಹಿಡದಿದ್ಳಂತ ಕೂಲಿ ಕ್ಯಾಂಪಿನಾಗೆಲ್ಲ ಸಾರ್ತೀನ್ರಿ, ಮಾವಶಿ." ಮರೆಮ್ಮ ಅವಳ ಬೆನ್ನಿಗೊಂದು ಗುದ್ದಿ, ಗಂಟು ತಲೆಗೇರಿಸಿಕೊಂಡು ಮುಂದೆ ನಡೆದಳು.

ನಮ್ಮ ಊಟದ ಪಂಕ್ತಿಗಳಲ್ಲಿ ಅಂಥವರೊಬ್ಬರು ಇದ್ದೇ ಇರುತ್ತಾರೆ. ಮೊದಲ ಎಲೆಯಲ್ಲಿ ಹೋಳಿಗೆ ಬಿತ್ತೋ ಇಲ್ಲವೋ ಎಂದು ಅವರು ನೋಡುವುದಿಲ್ಲ, ಅದನ್ನು ನೋಡಲು ಜನ ಬೇಕಾದಷ್ಟಿದ್ದಾರೆ. ಸೀದಾ ಕಟ್ಟಕಡೆಯ ಎಲೆಯತನಕ ನಡೆದುಹೋಗಿ, ಅಲ್ಲಿ ಕೂತವರಿಗೆ ಬಂತೇ ಎಂದು ಬಗ್ಗಿ ಕೇಳುತ್ತಾರೆ. ಅಲ್ಲಿಗೆ ತಲುಪಿದ್ದರೆ ಇಡೀ ಪಂಕ್ತಿಗೆ ತಲುಪಿದ ಹಾಗೆ. ಅಂಥವರು ಬಗ್ಗಿದ್ದನ್ನು ಕಂಡು ನಾವು ನಗುತ್ತೇವೆ, ಒಮ್ಮೊಮ್ಮೆ ಹೆದರಿ ಅಳುವುದೂ ಉಂಟು. ಅವರು ಮಾತ್ರ ಕೈ ಬೆಚ್ಚಗೆ ಇಟ್ಟುಕೊಂಡು ಮುಂದಿನ ಮಂಚಕ್ಕೆ ಹೋಗುತ್ತಾರೆ.